ಕಿಟಕಿ ಸೀಟಿನ ಮೇಲೊಂದು ಕರ್ಚೀಫು

ನನ್ನ ಕೈಚೀಲದಲ್ಲಿ ಯಾವಾಗಲೂ ಒಂದು ಕರ್ಚೀಫು ಇರುತ್ತದೆ. ಬಟ್ಟೆಯದು, ಅಂಚಿಗೆ ನೀಲಿ ಗೆರೆಯಿರುವಂಥದ್ದು, ಒಗೆದು ಇಸ್ತ್ರಿ ಮಾಡಿದ್ದು. ಮೊನ್ನೆ ಮಗಳು ಮೇಘಾ ಏನೋ ಹುಡುಕುತ್ತ ಚೀಲಕ್ಕೆ ಕೈ ಹಾಕಿದವಳು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, “ಅಮ್ಮಾ, ಸೀರಿಯಸ್ಲಿ? ಮನೇಲಿ ಅಷ್ಟೊಂದು ಟಿಶ್ಯೂ ಇದೆ” ಅಂದಳು. ಇಲ್ಲೇ, ಅಮೆರಿಕದಲ್ಲೇ ಹುಟ್ಟಿ ಬೆಳೆದವಳು, ಕರ್ಚೀಫು ಎಂದರೆ ಮೂಗು ಒರೆಸುವುದಕ್ಕೆ ಎಂದು ತಿಳಿದಿದ್ದಾಳೆ, ಪಾಪ. ನನ್ನ ಕರ್ಚೀಫು ಇವತ್ತಿನವರೆಗೆ ಮೂಗು ಕಂಡಿಲ್ಲ. ಅದು ಇರುವುದು ಸೀಟು ಹಿಡಿಯುವುದಕ್ಕೆ.

ಉಡುಪಿ ಬಸ್ ಸ್ಟ್ಯಾಂಡಿನಲ್ಲಿ ಶನಿವಾರ ಸಂಜೆ ಕಾರ್ಕಳದ ಬಸ್ಸಿಗೆ ಕಾದು ನಿಂತವರಿಗೆ ಈ ವಿದ್ಯೆಯನ್ನು ವಿವರಿಸಬೇಕಾಗಿಲ್ಲ. ಬಸ್ಸು ಇನ್ನೂ ತಿರುವಿನಲ್ಲಿರುವಾಗಲೇ ನನ್ನ ಅಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸುತ್ತಿದ್ದಳು. ಅಪ್ಪ ಶಾಲಾ ಹೆಡ್‌ಮಾಸ್ಟರು, ಬಿಳಿ ಶರ್ಟಿನವರು. “ಎಲ್ಲರೂ ಹತ್ತಲಿ, ಮತ್ತೆ ನೋಡುವ” ಎಂದು ಕಂಬದ ಪಕ್ಕ ಹೋಗಿ, ನಮಗೂ ಅವರಿಗೂ ಗುರುತೇ ಇಲ್ಲವೆಂಬಂತೆ ಆಚೆ ನೋಡುತ್ತ ನಿಲ್ಲುತ್ತಿದ್ದರು. ಅಮ್ಮ ಬಸ್ಸಿನ ಜೊತೆಗೇ ನಾಲ್ಕು ಹೆಜ್ಜೆ ಓಡಿ, ಕಿಟಕಿಯೊಳಗೆ ಕೈ ತೂರಿಸಿ ಕರ್ಚೀಫು ಹಾಕಿಬಿಡುತ್ತಿದ್ದಳು. ಕರ್ಚೀಫು ಮರೆತ ದಿನ ನನ್ನನ್ನೇ ಎತ್ತಿ ಕಿಟಕಿಯಿಂದ ಒಳಗೆ ತಳ್ಳಿದ್ದೂ ಉಂಟು. ಆಮೇಲೆ ಅವಳು ರಾಣಿಯ ಹಾಗೆ ನಿಧಾನವಾಗಿ, ಎಲ್ಲರೂ ಹತ್ತಿದ ಮೇಲೆ ಹತ್ತುತ್ತಿದ್ದಳು. ಬಸ್ಸಿನಲ್ಲಿ ಎಷ್ಟೇ ನೂಕುನುಗ್ಗಲಿದ್ದರೂ ಆ ಕರ್ಚೀಫಿನ ಮೇಲೆ ಯಾರೂ ಕೂರುತ್ತಿರಲಿಲ್ಲ. ಮೀನಿನ ಬುಟ್ಟಿಯ ಹೆಂಗಸರಿಂದ ಹಿಡಿದು ಬ್ಯಾಂಕಿನ ಮ್ಯಾನೇಜರರವರೆಗೆ ಎಲ್ಲರೂ ಅದಕ್ಕೆ ಮರ್ಯಾದೆ ಕೊಡುತ್ತಿದ್ದರು. ಯಾರೋ ಒಬ್ಬರು ಒಮ್ಮೆ ಅದನ್ನು ಪಕ್ಕಕ್ಕೆ ಸರಿಸಿ ಕೂತಾಗ ಅಮ್ಮ, “ಕರ್ಚೀಫು ಕಾಣುದಿಲ್ವಾ ನಿಮಗೆ?” ಎಂದು ಮೆತ್ತಗೆ ಕೇಳಿದ್ದಳು. ಅವರು ಎದ್ದರು. ಅಪ್ಪ ದಾರಿಯುದ್ದಕ್ಕೂ ನಾಚಿಕೆ ಪಟ್ಟುಕೊಂಡರು, ಆದರೆ ಅಮ್ಮ ಹಿಡಿದ ಸೀಟಿನಲ್ಲೇ ಕೂತು.

ಇದನ್ನೆಲ್ಲ ಈಗ ಯಾಕೆ ಹೇಳುತ್ತಿದ್ದೇನೆಂದರೆ, ನಮ್ಮ ಮನೆಯಲ್ಲಿ ನನ್ನ ಕಾರಿನ ಕೀಲಿಯನ್ನು ಕಿತ್ತುಕೊಂಡಿದ್ದಾರೆ.

ಆದದ್ದು ಇಷ್ಟೇ. ಗ್ರೋಸರಿ ಅಂಗಡಿಯ ಪಾರ್ಕಿಂಗಿನಲ್ಲಿ ಒಂದು ಸಿಮೆಂಟಿನ ಕಂಬವಿದೆ. ರಿವರ್ಸು ತೆಗೆಯುವಾಗ ಅದು ಇರುವಲ್ಲಿಯೇ ಇತ್ತು. ಕಂಬಕ್ಕೆ ಏನೂ ಆಗಲಿಲ್ಲ, ನನಗೂ ಏನೂ ಆಗಲಿಲ್ಲ, ಬಂಪರು ಮಾತ್ರ ಒಂದು ಕಡೆ ಜೋತುಬಿತ್ತು. ಅಷ್ಟಕ್ಕೇ ಮನೆಯಲ್ಲಿ ಮೀಟಿಂಗು. ಮೇಘಾ ರೆಡ್‌ವುಡ್ ಸಿಟಿಯ ಆಫೀಸಿನಿಂದ ಬೇಗ ಬಂದಳು. ನನ್ನ ಗಂಡ ಶ್ರೀನಿವಾಸ, ಮೈಸೂರಿನವರು, ರಿಟೈರಾದ ಮೇಲೂ ಮೀಟಿಂಗು ಎಂದರೆ ಕಣ್ಣರಳಿಸುವವರು, ಊಟದ ಮೇಜಿನ ತುದಿಯಲ್ಲಿ ಕೂತರು.

“ಸುಮಾ, ನೋಡು, ಇದು ಪನಿಷ್‌ಮೆಂಟ್ ಅಲ್ಲ,” ಅಂದರು. “ನಿನ್ನ ಸೇಫ್ಟಿಗೆ. ಎಲ್ಲಿಗೆ ಬೇಕೋ ಹೇಳು, ನಾನ್ ಬಿಡ್ತೀನಿ, ಇಲ್ಲಾ ಮೇಘಾ ಬಿಡ್ತಾಳೆ. ಒಬ್ಬಳೇ ಹೋಗೋದು ಬೇಡ.”

“ಎಲ್ಲಿಗೂ?”

“ಎನಿವೇರ್, ಅಮ್ಮಾ,” ಅಂದಳು ಮಗಳು. “ಜಸ್ಟ್ ಆಸ್ಕ್.”

ನಮ್ಮ ಎವರ್‌ಗ್ರೀನ್ ಬಡಾವಣೆಯ ಗುಡ್ಡದ ಮೇಲೆ ಮನೆ ಮಾಡಿಕೊಂಡವರಿಗೆ ಕಾರಿನ ಕೀಲಿ ಹೋಯಿತೆಂದರೆ ಏನೆಂದು ಗೊತ್ತಿರುತ್ತದೆ. ಹಾಲು ಮುಗಿದರೂ ಅರ್ಜಿ ಹಾಕಿಕೊಳ್ಳಬೇಕು. ಆದರೂ ಹಾಲಿನ ವಿಷಯ ಬಿಡಿ. ನನಗೆ ಚುಚ್ಚಿದ್ದು ಬುಧವಾರದ ವಿಷಯ. ನಾನು ಓಕ್ಲ್ಯಾಂಡಿನ ಆಸ್ಪತ್ರೆಯೊಂದರ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಆಯುಷ್ಯ ಕಳೆದವಳು. ರಿಟೈರಾದ ಮೇಲೂ ಬುಧವಾರ ಬುಧವಾರ ಅಲ್ಲಿಗೆ ಹೋಗುತ್ತೇನೆ. ಹಳೆಯ ಪರಿಚಯದ ಒಂದು ಸಣ್ಣ ಚೀನೀ ಹೋಟೆಲ್ಲಿನಲ್ಲಿ ಇಡೀ ಮೀನು ಬೇಯಿಸಿ ಶುಂಠಿ ಹಾಕಿ ಕೊಡುತ್ತಾರೆ, ಅದನ್ನು ಒಬ್ಬಳೇ ಕೂತು ತಿನ್ನುತ್ತೇನೆ. ಆಮೇಲೆ ಆ ಊರಿನ ನಡುವಿರುವ ಸರೋವರದ ಸುತ್ತ ಅರ್ಧ ಸುತ್ತು ನಡೆದು, ಉಳಿದರ್ಧ ಮುಂದಿನ ವಾರಕ್ಕೆ ಎಂದು ಬೆಂಚಿನಲ್ಲಿ ಕೂರುತ್ತೇನೆ. ನನ್ನ ಗಂಡ ಮೀನಿನ ಚಿತ್ರಕ್ಕೂ ಮೂಗು ಮುಚ್ಚುವವರು. “ಓಕ್ಲ್ಯಾಂಡಿಗೆ ನಾನೇ ಬಿಡ್ತೀನಿ, ನೀನು ಊಟ ಮುಗಿಸೋವರೆಗೂ ಕಾರಲ್ಲೇ ಕೂತಿರ್ತೀನಿ” ಎಂದು ಧಾರಾಳವಾಗಿ ಹೇಳಿದರು. ಗಂಡ ಹೊರಗೆ ಕಾರಿನಲ್ಲಿ ಗಡಿಯಾರ ನೋಡುತ್ತ ಕೂತಿರುವಾಗ ಮೀನಿನ ಮುಳ್ಳು ಬಿಡಿಸಿ ತಿನ್ನುವುದು ಹೇಗೆ, ನೀವೇ ಹೇಳಿ.

ನನಗೆ ಸಿಟ್ಟು ಬಂತು. ಸಿಟ್ಟಿನ ಕೆಳಗೆ ಹೆದರಿಕೆಯೂ ಇತ್ತು, ಸುಳ್ಳು ಯಾಕೆ ಹೇಳಲಿ. ಒಂದು ಬುಧವಾರ ಬಿಟ್ಟುಕೊಟ್ಟರೆ ಮುಂದಿನದ್ದು ತಾನಾಗಿ ಹೋಗುತ್ತದೆ, ಆಮೇಲೆ ಹೋಗಬೇಕೆಂಬ ಆಸೆಯೂ ಹೋಗುತ್ತದೆ. ಹಾಗಾದವರನ್ನು ನೋಡಿದ್ದೇನೆ. ಮಕ್ಕಳು ಒಳ್ಳೆಯವರೇ, ಮನೆ ದೊಡ್ಡದೇ, ಆದರೆ ಅವರು ಸೋಫಾದಲ್ಲಿ ಕೂತು, ಯಾರಾದರೂ ಬಂದು ಎಲ್ಲಿಗಾದರೂ ಕರೆದುಕೊಂಡು ಹೋಗುತ್ತಾರೆಂದು ಕಾಯುತ್ತಿರುತ್ತಾರೆ.

“ನಾನು ಚೀನಾದಲ್ಲಿ ಒಬ್ಬಳೇ ಟಿಕೆಟ್ ತಗೊಂಡು ರೈಲು ಹತ್ತಿದವಳು,” ಎಂದೆ.

“ಓ ಗಾಡ್, ಸುಝೌ ಸ್ಟೋರಿ,” ಅಂದಳು ಮೇಘಾ ಅಪ್ಪನ ಕಡೆ ನೋಡುತ್ತ. ಅವಳು ಅದನ್ನು ಎಷ್ಟು ಸಲ ಕೇಳಿದ್ದಾಳೋ ಗೊತ್ತಿಲ್ಲ. ನೀವು ಕೇಳಿಲ್ಲವಲ್ಲ, ಕೇಳಿ.

ಕೋವಿಡ್‌ಗಿಂತ ಮುಂಚಿನ ಮಾತು. ಶ್ರೀನಿವಾಸರಿಗೆ ಶಾಂಘೈಯಲ್ಲಿ ಆಫೀಸಿನ ಕೆಲಸ, ನಾನು ರಜೆ ಹಾಕಿ ಜೊತೆಗೆ ಅಂಟಿಕೊಂಡು ಹೋಗಿದ್ದೆ. ಮೊದಲ ದಿನವೇ ಅವರು ಟೈ ಕಟ್ಟಿಕೊಳ್ಳುತ್ತ, “ಇಲ್ಲಿ ನಿನಗೆ ಭಾಷೆ ಬರಲ್ಲ ಸುಮಾ. ಹೋಟೆಲ್ಲಲ್ಲೇ ಆರಾಮಾಗಿರು. ಶನಿವಾರ ಎಲ್ಲಾ ತೋರಿಸ್ತೀನಿ” ಅಂದರು.

“ನಿಮಗೆ ಬರ್ತದಾ ಚೀನೀ ಭಾಷೆ?”

“ನನಗೂ ಬರಲ್ಲ. ಅದಕ್ಕೇ ಗೈಡ್ ಬುಕ್ ಮಾಡಿದೀನಿ.”

ಭಾಷೆ ಬರುವುದಿಲ್ಲವೆಂದು ಒಳಗೆ ಕೂರುವುದಾದರೆ ನಾನು ಉಡುಪಿಯಲ್ಲೇ ಕೂರಬೇಕಿತ್ತು. ಓಕ್ಲ್ಯಾಂಡಿನ ಲ್ಯಾಬಿಗೆ ಸೇರಿದ ಹೊಸತರಲ್ಲಿ ನನ್ನ ಇಂಗ್ಲಿಷು ಅವರಿಗೆ, ಅವರ ಇಂಗ್ಲಿಷು ನನಗೆ ಅರ್ಥವಾಗುತ್ತಿರಲಿಲ್ಲ. ಎಲ್ಲದಕ್ಕೂ ತಲೆ ಅಲ್ಲಾಡಿಸುತ್ತಿದ್ದೆ, ಅದು ಹೌದೋ ಅಲ್ಲವೋ ಅವರಿಗೆ ತಿಳಿಯುತ್ತಿರಲಿಲ್ಲ, ಕೆಲವೊಮ್ಮೆ ನನಗೂ. ಹಾಗೇ ಕೆಲಸ ಕಲಿತೆ, ಹಾಗೇ ಫ್ರೀವೇ ಹತ್ತುವುದು ಕಲಿತೆ.

ಹೋಟೆಲ್ಲಿನ ರಿಸೆಪ್ಷನ್ನಿನ ಹುಡುಗಿಯಿಂದ ಕಾರ್ಡೊಂದರ ಹಿಂದೆ ‘ಸುಝೌ’ ಎಂದು ಚೀನೀ ಅಕ್ಷರದಲ್ಲಿ ಬರೆಸಿಕೊಂಡೆ. ಸುಝೌ ಯಾಕೆ? ರೇಷ್ಮೆಯ ಊರು ಎಂದು ಎಲ್ಲೋ ಓದಿದ್ದೆ, ಶಾಂಘೈಗೆ ಹತ್ತಿರ ಬೇರೆ. ಅದಕ್ಕಿಂತ ಹೆಚ್ಚಿನ ಕಾರಣವಿರಲಿಲ್ಲ. ಶ್ರೀನಿವಾಸರು ನನ್ನ ಫೋನಿನಲ್ಲಿ ಅನುವಾದ ಮಾಡುವ ಆ್ಯಪು ಹಾಕಿಕೊಟ್ಟಿದ್ದರು. ಹೋಟೆಲ್ಲಿನ ವೈಫೈ ದಾಟಿದ ಕೂಡಲೇ ಅದು ಮೌನವ್ರತ ಹಿಡಿಯಿತು.

ಸ್ಟೇಷನ್ನು ಎಂದರೆ ಸ್ಟೇಷನ್ನು. ನಮ್ಮ ಉಡುಪಿಯ ಬಸ್ ಸ್ಟ್ಯಾಂಡನ್ನು ಒಂದು ಮೂಲೆಯಲ್ಲಿಟ್ಟರೆ ಮತ್ತೆ ಹುಡುಕಿದರೂ ಸಿಗದಷ್ಟು ದೊಡ್ಡದು. ಟಿಕೆಟ್ಟಿನ ಕಿಟಕಿಗಳ ಮುಂದೆ ಸಾಲು. ನಾನು ಅಮೆರಿಕದ ಅಭ್ಯಾಸದಂತೆ ಮುಂದಿನವರಿಂದ ಒಂದು ಮಾರು ಬಿಟ್ಟು ನಿಂತೆ. ಮೂಟೆ ಹೊತ್ತವನೊಬ್ಬ ಬಂದು ಆ ಜಾಗದಲ್ಲಿ ನಿಂತ. ನಾನು ಅವನಿಂದ ಒಂದು ಮಾರು ಬಿಟ್ಟೆ. ಮಗು ಎತ್ತಿಕೊಂಡ ಹೆಂಗಸೊಬ್ಬಳು ಬಂದಳು. ಅವರದ್ದೇನೂ ತಪ್ಪಿಲ್ಲ. ಅಷ್ಟು ದೂರ ನಿಂತವಳು ಸಾಲಿನಲ್ಲಿದ್ದಾಳೆಂದು ಯಾರಿಗಾದರೂ ಹೇಗೆ ಅನಿಸಬೇಕು? ಅಪ್ಪನ ಹಾಗೆ ಕಂಬದ ಹತ್ತಿರ ನಿಂತಿದ್ದೇನೆ ಎಂದು ಥಟ್ಟನೆ ಹೊಳೆಯಿತು. ಕೈಚೀಲವನ್ನು ಎದೆಗೆ ಅವುಚಿಕೊಂಡು ಮುಂದಿನವಳ ಬೆನ್ನಿಗೆ ಹತ್ತಿ ನಿಂತೆ. ಸರದಿ ಬಂದಾಗ ಮೊಣಕೈಯನ್ನು ಕೌಂಟರಿನ ಮೇಲೆ ಊರಿದೆ. ಏನೋ ಒಂದು ಸುಖ ಅನಿಸಿತು.

ಗಾಜಿನಾಚೆ ನನ್ನದೇ ವಯಸ್ಸಿನ ಹೆಂಗಸು, ಪಕ್ಕದಲ್ಲಿ ಚಹದ ಫ್ಲಾಸ್ಕು. ಕಾರ್ಡು ತೋರಿಸಿದೆ. ಪಾಸ್‌ಪೋರ್ಟು ಬೇಕೆಂದು ಸನ್ನೆ ಮಾಡಿದಳು, ಕೊಟ್ಟೆ. ಹೋಗುವ ಟಿಕೆಟ್ಟಿಗೆ ತೊಂದರೆಯಾಗಲಿಲ್ಲ, ಗಡಿಯಾರ ತೋರಿಸಿ ಈಗಲೇ ಎಂದೆ. ಬರುವ ಟಿಕೆಟ್ಟಿನದ್ದೇ ಫಜೀತಿ. ಸಂಜೆ ಎನ್ನುವುದಕ್ಕೆ ಕಾಗದದಲ್ಲಿ ಗೆರೆ ಎಳೆದು ಅರ್ಧ ಸೂರ್ಯನನ್ನು ಬರೆದೆ. ಅವಳು ಮರುದಿನ ಬೆಳಗಿನ ರೈಲು ತೋರಿಸಿದಳು. ಮುಳುಗುವ ಸೂರ್ಯನಿಗೂ ಹುಟ್ಟುವ ಸೂರ್ಯನಿಗೂ ಚಿತ್ರದಲ್ಲಿ ವ್ಯತ್ಯಾಸವಿಲ್ಲವೆಂದು ಆಗ ಗೊತ್ತಾಯಿತು. ಸರಿ, ರಾತ್ರಿಯ ಊಟದ ಹೊತ್ತಿಗೆ ಎಂದು ಹೇಳೋಣವೆಂದು ಎಡ ಅಂಗೈಯನ್ನು ತಟ್ಟೆ ಮಾಡಿ, ಬಲಗೈಯಲ್ಲಿ ಅನ್ನ ಸಾರು ಚೆನ್ನಾಗಿ ಕಲಸಿ, ತುತ್ತು ಮಾಡಿ ಬಾಯಿಗೆ ಹಾಕಿ ತೋರಿಸಿದೆ. ಅವಳು ಕಳವಳದಿಂದ ನನ್ನ ಅಂಗೈ ನೋಡಿದಳು. ಇನ್ನೂ ಸ್ವಲ್ಪ ಜೋರಾಗಿ ಕಲಸಿದೆ. ಅವಳು ಡ್ರಾಯರು ತೆಗೆದು ಮುಲಾಮಿನ ಡಬ್ಬಿಯೊಂದನ್ನು ಗಾಜಿನ ಕೆಳಗಿನಿಂದ ನನ್ನ ಕಡೆ ತಳ್ಳಿದಳು. ಅಂಗೈ ತುರಿಸುತ್ತಿದೆ ಎಂದುಕೊಂಡಿದ್ದಳು, ಪುಣ್ಯಾತ್ಗಿತ್ತಿ.

ನನಗೆ ನಗು ತಡೆಯಲಾಗಲಿಲ್ಲ. ಅಷ್ಟರಲ್ಲಿ ಹಿಂದಿನ ಸಾಲಿಗೆ ಸಾಲೇ ಈ ಕೆಲಸವನ್ನು ವಹಿಸಿಕೊಂಡಿತ್ತು. ಒಬ್ಬರು ನನ್ನ ಸೂರ್ಯನ ಚಿತ್ರವನ್ನು ತಿರುಗಿಸಿ ನೋಡಿದರು, ಇನ್ನೊಬ್ಬರು ಅಂಗೈ ಮುಟ್ಟಿ ನೋಡಿದರು. ತರಕಾರಿ ಚೀಲದ ಮುದುಕರೊಬ್ಬರು ನನ್ನನ್ನೇ ದಿಟ್ಟಿಸಿದವರು ಕೊನೆಗೆ ಎಡಗೈಯನ್ನು ಬಟ್ಟಲಿನಂತೆ ಗಲ್ಲದ ಹತ್ತಿರ ಹಿಡಿದು, ಬಲಗೈಯ ಎರಡು ಬೆರಳನ್ನು ಕಡ್ಡಿ ಮಾಡಿ, ಬಾಯಿಗೆ ಗಬಗಬನೆ ತುಂಬಿಕೊಂಡು ತೋರಿಸಿದರು. ಸಾಲಿನವರೆಲ್ಲ ‘ಓ’ ಎಂದರು. ನಾನೂ ಅವರಂತೆಯೇ ಬಟ್ಟಲು ಹಿಡಿದು ಕಡ್ಡಿ ಆಡಿಸಿದೆ. ಸಂಜೆಯ ಟಿಕೆಟ್ಟು ಸಿಕ್ಕಿತು. ಮುಲಾಮನ್ನು ಅವಳು ವಾಪಸು ತೆಗೆದುಕೊಳ್ಳಲೇ ಇಲ್ಲ. ಅದು ಬಹಳ ಕಾಲ ನನ್ನ ಮೊಣಕಾಲಿಗೆ ಬಂತು.

ಇಲ್ಲಿಗೆ ಮುಗಿಸಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಆದರೆ ರೈಲು ಹತ್ತಬೇಕಲ್ಲ. ಒಳಗೆ ಹೋದೆ, ಕಿಟಕಿ ಪಕ್ಕದ ಸೀಟು ಖಾಲಿ ಕಂಡಿತು. ಟಿಕೆಟ್ಟಿನಲ್ಲಿ ಸೀಟಿನ ನಂಬರು ಇದೆ, ನಂಬರನ್ನು ಓದುವುದಕ್ಕೆ ಚೀನೀ ಭಾಷೆ ಬೇಕಾಗಿಲ್ಲ. ಆದರೂ ನನ್ನ ಕೈ ಚೀಲಕ್ಕೆ ಹೋಯಿತು, ಕರ್ಚೀಫು ತೆಗೆಯಿತು, ಸೀಟಿನ ಮೇಲೆ ಹಾಸಿತು. ಸೀಟು ಹಿಡಿದಾಯಿತೆಂಬ ಧೈರ್ಯದಲ್ಲಿ ಬೋಗಿಯ ತುದಿಯ ಬಿಸಿನೀರಿನ ನಲ್ಲಿ ನೋಡುವುದಕ್ಕೆ ಹೋದೆ. ಬರುವಾಗ ಆಫೀಸಿನ ಉಡುಪಿನ ಒಬ್ಬ ತರುಣಿ ಆ ಸೀಟಿನ ಪಕ್ಕ ನಿಂತು ತನ್ನ ಟಿಕೆಟ್ಟನ್ನೊಮ್ಮೆ, ಕರ್ಚೀಫನ್ನೊಮ್ಮೆ ನೋಡುತ್ತಿದ್ದಳು. ಸೀಟು ಅವಳದು. ಆದರೂ ಕೂತಿರಲಿಲ್ಲ ನೋಡಿ.

ನಾನು ತುಳುವಿನಲ್ಲಿ ಏನೋ ಹೇಳಿದೆ, ಅವಳು ಚೀನೀ ಭಾಷೆಯಲ್ಲಿ ಏನೋ ಹೇಳಿದಳು. ಇಬ್ಬರ ಟಿಕೆಟ್ಟನ್ನೂ ಅಕ್ಕಪಕ್ಕ ಹಿಡಿದೆವು. ನನ್ನದು ಅದೇ ಸಾಲಿನ ದಾರಿ ಬದಿಯ ಸೀಟು. ಅವಳು ಕರ್ಚೀಫನ್ನೆತ್ತಿ, ಮಡಚಿ, ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟಳು. ಆಮೇಲೆ ತಾನು ದಾರಿ ಬದಿಯಲ್ಲಿ ಕೂತು, ಕಿಟಕಿಯ ಸೀಟನ್ನು ನನಗೆ ತೋರಿಸಿದಳು. ಬೇಡ ಬೇಡ ಎಂದು ಉಪಚಾರಕ್ಕೂ ನಾನು ಹೇಳಲಿಲ್ಲ. ಕೂತೆ. ಅಮ್ಮನಾಗಿದ್ದರೂ ಕೂರುತ್ತಿದ್ದಳು.

ಸುಝೌನಲ್ಲಿ ಏನು ನೋಡಿದೆ ಎಂದು ಕೇಳಬೇಡಿ. ಮಳೆ ಬಂತು. ಕಾಲುವೆಯ ದಂಡೆಯ ಅಂಗಡಿಯೊಂದರಲ್ಲಿ ಮೀನು ತಿಂದು, ರೇಷ್ಮೆಯನ್ನು ಮುಟ್ಟಿ ನೋಡಿ, ನಮ್ಮ ಕಡೆಯದೇ ಚೆನ್ನ ಎಂದು ಮನಸ್ಸಿನಲ್ಲೇ ತೀರ್ಪು ಕೊಟ್ಟು ಬಂದೆ. ಹೋಟೆಲ್ಲಿನ ಲಾಬಿಯಲ್ಲಿ ಶ್ರೀನಿವಾಸರು ಮುಖ ಸಣ್ಣದು ಮಾಡಿಕೊಂಡು ನಿಂತಿದ್ದರು.

“ಏನಾದ್ರೂ ಆಗಿದ್ರೆ?” ಅಂದರು.

“ಆಗಲಿಲ್ಲವಲ್ಲ,” ಅಂದೆ. ಈ ಮಾತು ನಮ್ಮ ಸಂಸಾರದಲ್ಲಿ ಇನ್ನೂ ಮುಗಿದಿಲ್ಲ.

ಈಗ ಬುಧವಾರಕ್ಕೆ ಬರುತ್ತೇನೆ. ಕಳ್ಳತನದಲ್ಲಿ ಹೋಗಬಾರದೆಂದು ತೀರ್ಮಾನಿಸಿದ್ದೆ. ಫೋನನ್ನು ಮನೆಯಲ್ಲಿ ಬಿಟ್ಟು ಹೋಗಬಹುದಿತ್ತು. ಅದರಲ್ಲಿ ನಾನೆಲ್ಲಿದ್ದೇನೆಂದು ಮೇಘಾಳಿಗೆ ತೋರಿಸುವ ನೀಲಿ ಚುಕ್ಕಿಯಿದೆ. ಬಿಡಲಿಲ್ಲ. ಚುಕ್ಕಿ ಹೋಗಲಿ, ಅವಳು ನೋಡಲಿ ಎಂದು ಚೀಲಕ್ಕೆ ಹಾಕಿಕೊಂಡೆ. ಕರ್ಚೀಫನ್ನೂ ಹಾಕಿಕೊಂಡೆ. ಪೇಪರು ಓದುತ್ತಿದ್ದ ಗಂಡನ ಮುಂದೆ ನಿಂತು, “ಓಕ್ಲ್ಯಾಂಡಿಗೆ ಹೋಗಿ ಬರ್ತೇನೆ” ಎಂದೆ.

“ಹೇಗೆ?”

“ಬಸ್ಸಲ್ಲಿ ಬೆರ್ರಿಯೆಸ್ಸಾ ಸ್ಟೇಷನ್ನು. ಅಲ್ಲಿಂದ ರೈಲು.”

“ನಾನ್ ಬಿಡ್ತೀನಿ ಅಂದ್ನಲ್ಲ ಸುಮಾ.”

“ಗೊತ್ತುಂಟು. ಬೇಡ.”

“ಕೇಳಿದ್ರೆ ಏನು ಗಂಟು ಹೋಗತ್ತೆ ನಿಂದು?”

ಅದಕ್ಕೆ ನನ್ನಲ್ಲಿ ಉತ್ತರವಿತ್ತು, ಆದರೆ ಬಸ್ಸಿಗೆ ಹೊತ್ತಾಗಿತ್ತು. ಚಪ್ಪಲಿ ಮೆಟ್ಟಿದೆ.

ಪಕ್ಕದ ಮನೆಯ ಅಂಗಳದಲ್ಲಿ ಪೋಪೋ ಬಸಳೆ ಬಳ್ಳಿಗೆ ನೀರು ಹಾಕುತ್ತಿದ್ದರು. ಅವರ ಮೊಮ್ಮಕ್ಕಳು ಹಾಗೆ ಕರೆಯುತ್ತಾರೆ, ಚೀನೀ ಭಾಷೆಯಲ್ಲಿ ಅಜ್ಜಿ ಎಂದರ್ಥವಂತೆ, ನಾನೂ ಹಾಗೇ ಕರೆಯುತ್ತೇನೆ. ಮಗಳ ಮನೆಯಲ್ಲಿದ್ದಾರೆ, ಇಂಗ್ಲಿಷು ಬರುವುದಿಲ್ಲ. ಬಸಳೆಯನ್ನು ಚೀನೀಯರೂ ತಿನ್ನುತ್ತಾರೆಂದು ನನಗೆ, ಉಡುಪಿಯವರೂ ತಿನ್ನುತ್ತಾರೆಂದು ಅವರಿಗೆ ಗೊತ್ತಾದ ದಿನದಿಂದ ಬೇಲಿಯ ಮೇಲೆ ನಮ್ಮ ಸ್ನೇಹ. ನನ್ನ ಕೈಚೀಲ ನೋಡಿ ಅವರು ಹುಬ್ಬೇರಿಸಿದರು. ನಾನು ಮೊಣಕೈ ಆಡಿಸಿ ರೈಲು ಮಾಡಿದೆ. “ಓಕ್ಲ್ಯಾಂಡ್” ಎಂದೆ. ಆಮೇಲೆ ಎಡಗೈಯನ್ನು ಬಟ್ಟಲು ಮಾಡಿ ಗಲ್ಲಕ್ಕೆ ಹಿಡಿದು, ಎರಡು ಬೆರಳನ್ನು ಕಡ್ಡಿ ಮಾಡಿ ಉಂಡು ತೋರಿಸಿದೆ. ಶಾಂಘೈಯ ಆ ಮುದುಕರಿಗೆ ನಮಸ್ಕಾರ.

ಪೋಪೋ ನೀರಿನ ಪೈಪು ಕೆಳಗಿಟ್ಟು ಒಳಗೆ ಹೋದರು. ಬರುವಾಗ ಹೂವಿನ ಕೋಟು, ಟೋಪಿ, ತೋಳಲ್ಲಿ ಚೀಲ. ಹಿಂದೆಯೇ ಅವರ ಮಗಳು, ಕಿವಿಯಲ್ಲಿ ಆಫೀಸಿನ ಫೋನು ಇರುವಾಗಲೇ ಓಡಿ ಬಂದಳು. ಬಾಗಿಲಲ್ಲಿ ತಾಯಿ ಮಗಳಿಗೆ ಮಾತಾಯಿತು. ನನಗೆ ಒಂದು ಶಬ್ದವೂ ತಿಳಿಯಲಿಲ್ಲ, ಆದರೆ ಪೂರ್ತಿ ಅರ್ಥವಾಯಿತು. ಏನಾದರೂ ಆದರೆ ಎಂದಳು ಮಗಳು. ಆಗುವುದಿಲ್ಲ ಎಂದರು ತಾಯಿ. ನಾನೇ ಶನಿವಾರ ಕರೆದುಕೊಂಡು ಹೋಗುತ್ತೇನೆ ಎಂದಳು ಮಗಳು. ಅಲ್ಲಿಗೆ ಪೋಪೋ ಗೇಟು ತೆಗೆದರು.

ಆ ಮಗಳು ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ, “ನಿಮಗೆ ದಾರಿ ಗೊತ್ತಲ್ವಾ?” ಎಂದು ಕೇಳಿದಳು.

“ಗೊತ್ತು,” ಎಂದೆ. ಕಾರಿನ ದಾರಿ ಗೊತ್ತಿತ್ತು. ಬಸ್ಸಿನದ್ದನ್ನು ಹಿಂದಿನ ದಿನ ಓದಿಕೊಂಡಿದ್ದೆ.

ಬೆರ್ರಿಯೆಸ್ಸಾದಲ್ಲಿ ನನ್ನ ಹತ್ತಿರ ರೈಲಿನ ಕಾರ್ಡಿತ್ತು, ಪೋಪೋ ಹತ್ತಿರ ಇರಲಿಲ್ಲ. ಅವರನ್ನು ಟಿಕೆಟ್ ಮೆಷಿನ್ನಿನ ಮುಂದೆ ನಿಲ್ಲಿಸಿ ನಾನು ಬಟನ್ನು ಒತ್ತಲು ಹೋದೆ. ಭಾಷೆ ಯಾವುದು ಎಂದು ಅದು ಕೇಳಿತು. ಕನ್ನಡ ಇರಲಿಲ್ಲ, ಇರಲಿ. ಚೀನೀ ಇತ್ತು, ಒತ್ತಿದೆ. ಪರದೆಯ ತುಂಬ ಅವರ ಅಕ್ಷರ ಬಂದದ್ದೇ ತಡ, ಪೋಪೋ ನನ್ನನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿದರು. ಕನ್ನಡಕ ಹಾಕಿಕೊಂಡು ಸಾವಕಾಶವಾಗಿ ಓದಿ ಓದಿ ಒತ್ತಿದರು. ಹಿಂದೆ ನಿಂತವರೊಬ್ಬರು ಸಹಾಯ ಬೇಕಾ ಎಂದಾಗ ತಿರುಗಿಯೂ ನೋಡಲಿಲ್ಲ. ಕಾರ್ಡು ಹೊರಗೆ ಬಂದಾಗ ಅದನ್ನು ನನ್ನ ಮುಖದ ಹತ್ತಿರ ಹಿಡಿದು ತೋರಿಸಿದರು.

ರೈಲು ಅಲ್ಲಿಂದಲೇ ಹೊರಡುವಂಥದ್ದು, ಬೇಕಾದಷ್ಟು ಸೀಟು ಖಾಲಿ. ಪೋಪೋ ಹಿಂದಿನಿಂದ ಮೆಲ್ಲಗೆ ಬರುತ್ತಿದ್ದರು. ನಾನು ಮುಂದೆ ಓಡಿ, ಬಲಗಡೆಯ ಕಿಟಕಿ ಸೀಟಿನ ಮೇಲೆ ಕರ್ಚೀಫು ಹಾಕಿದೆ. ಲ್ಯಾಪ್‌ಟಾಪಿನ ಯುವಕನೊಬ್ಬ ಆ ಕಡೆಗೇ ಬಂದವನು ಅದನ್ನು ನೋಡಿದ, ನನ್ನನ್ನು ನೋಡಿದ, ಬೇರೆ ಕಡೆ ಹೋಗಿ ಕೂತ. ನನ್ನಮ್ಮ ಇರಬೇಕಿತ್ತು. ಪೋಪೋ ಬಂದು ಕರ್ಚೀಫನ್ನೆತ್ತಿ, ಮಡಚಿ, ಎರಡೂ ಕೈಯಿಂದ ನನಗೆ ಕೊಟ್ಟು, ಕಿಟಕಿಯ ಪಕ್ಕ ಕೂತರು. ಬಾಗಿಲು ಮುಚ್ಚಿತು.

ಚೀಲದಲ್ಲಿ ಫೋನು ಹೊಡೆದುಕೊಂಡಿತು. ಮೇಘಾ.

“ಅಮ್ಮಾ, ನಿನ್ನ ಡಾಟ್ ಮೂವ್ ಆಗ್ತಿದೆ. ಅಪ್ಪ ಈಸ್ ಫ್ರೀಕಿಂಗ್ ಔಟ್. ಎಲ್ಲಿಗೆ ಹೋಗ್ತಿದೀಯ?”

“ಓಕ್ಲ್ಯಾಂಡಿಗೆ.”

“ಯಾರು ಕರ್ಕೊಂಡು ಹೋಗ್ತಿದಾರೆ ನಿನ್ನ?”

ಪೋಪೋ ಗಾಜಿಗೆ ಹಣೆ ಒತ್ತಿ ಹೊರಗೆ ನೋಡುತ್ತಿದ್ದರು. ಹೊಸ ಕಾರ್ಡನ್ನು ಇನ್ನೂ ಕೈಯಲ್ಲೇ ಹಿಡಿದಿದ್ದರು.

“ನನ್ನನ್ನು ಯಾರೂ ಇಲ್ಲ,” ಎಂದೆ. “ನಾನೇ ಒಬ್ಬರನ್ನು ಕರ್ಕೊಂಡು ಹೋಗ್ತಾ ಇದ್ದೇನೆ.”